ಇನ್ನೂ ಗೆದ್ದಿಲ್ಲದ ನಮ್ಮ ಕಾರ್ಪೊರೇಟರ್‌ಗೆ ಒಂದು ಬಹಿರಂಗ ಪತ್ರ

ನಮಸ್ಕಾರ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಯಾವ ಪಕ್ಷದವರು ಅಂತಲೂ ಗೊತ್ತಿಲ್ಲ. ಬೆಂಗಳೂರಿನವರು ಕೊನೆಯ ಸಲ ಕಾರ್ಪೊರೇಟರ್‌ಗಳನ್ನು ಆರಿಸಿದ್ದು 2015ರ ಆಗಸ್ಟ್‌ನಲ್ಲಿ. ಅವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಗ 198 ವಾರ್ಡ್ ಇದ್ದವು. ಆಮೇಲೆ 243 ಅಂದರು, 225 ಅಂದರು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು, ಆಮೇಲೆ ವಾರ್ಡ್‌ಗಳು ಒಟ್ಟು 369 ಆದವು. ನಾನು ಮಾತ್ರ ಅದೇ ಮನೆಯಲ್ಲಿದ್ದೇನೆ. ವಾರ್ಡೇ ಮನೆ ಬದಲಾಯಿಸುತ್ತಾ ಹೋಯಿತು.

ನೀವು ಗೆದ್ದ ಮೇಲೆ ನಿಮ್ಮ ಸುತ್ತ ಜನ ಜಾಸ್ತಿ ಆಗುತ್ತಾರೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದಲ್ಲಿ ಹತ್ತು ವರ್ಷದಿಂದ ಇದ್ದೇನೆ. ಸಮಾಜಸೇವೆ ಮಾಡೋಣ ಅಂತ ಸೇರಿದ್ದಲ್ಲ. ಮನೆ ಎದುರಿನ ಬೀದಿದೀಪ ಕೆಟ್ಟಿತ್ತು, ಯಾರಿಗೆ ಹೇಳಬೇಕು ಅಂತ ಕೇಳಲು ಒಂದು ಭಾನುವಾರ ಸಭೆಗೆ ಹೋದೆ. ವಾಪಸ್ ಬರುವಾಗ ಜಂಟಿ ಕಾರ್ಯದರ್ಶಿ ಆಗಿದ್ದೆ. ದೀಪ ಉರಿಯಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು.

ಆಮೇಲೆ ಟ್ರಾನ್ಸ್‌ಫಾರ್ಮರ್ ಪಕ್ಕದ ಮೂಲೆ. ಬೆಂಗಳೂರಿನವರಿಗೆ ಇಂಥ ಮೂಲೆಯ ವರ್ಣನೆ ಬೇಕಾಗಿಲ್ಲ. ಕಸ ಒಯ್ಯುವ ಆಟೋ ಟಿಪ್ಪರ್ ತಪ್ಪಿಹೋದವರೆಲ್ಲ ಕಸದ ಕವರ್ ತಂದು ಅಲ್ಲೇ ಎಸೆಯುತ್ತಿದ್ದರು. ಪೌರಕಾರ್ಮಿಕರು ಬೆಳಿಗ್ಗೆ ಎತ್ತಿದರೆ ಮಧ್ಯಾಹ್ನಕ್ಕೆ ಮತ್ತೆ ರಾಶಿ. ನಾವು ಆರು ಜನ ಪಾಳಿ ಹಾಕಿಕೊಂಡು ಐದೂವರೆಗೆ ಹೋಗಿ ನಿಲ್ಲಲು ಶುರು ಮಾಡಿದೆವು. ಮೂರನೇ ತಿರುವಿನ ಅಜ್ಜಿ ಒಬ್ಬರು ದಿನಾ ನೆಲ ತೊಳೆದು ದೊಡ್ಡ ರಂಗೋಲಿ ಹಾಕುತ್ತಿದ್ದರು. ರಂಗೋಲಿ ಮೇಲೆ ಕಸ ಎಸೆಯಲು ಯಾರಿಗೂ ಮನಸ್ಸು ಬರಲ್ಲ ಅನ್ನುವುದು ಅವರ ಲೆಕ್ಕ. ಲೆಕ್ಕ ಬಹಳ ಮಟ್ಟಿಗೆ ಸರಿ ಇತ್ತು. ಒಬ್ಬ ಮಾತ್ರ ಸ್ಕೂಟರ್ ನಿಲ್ಲಿಸದೆ ಎಡಗೈಯಲ್ಲಿ ಕವರ್ ಎಸೆದು ಹೋದ. ಸಾಂಬಾರ್ ಸಮೇತ. ಅಜ್ಜಿ ಏನೂ ಅನ್ನಲಿಲ್ಲ, ಬಕೆಟ್ ತಂದು ಮತ್ತೆ ತೊಳೆದರು. ಎರಡು ತಿಂಗಳಲ್ಲಿ ಮೂಲೆ ಚೊಕ್ಕಟವಾಯಿತು.

ಇಷ್ಟು ನಮ್ಮ ಕೈಲಾದದ್ದು. ಅದೇ ಮೂಲೆಯಲ್ಲಿ ಚರಂಡಿಯ ಚಪ್ಪಡಿ ಒಡೆದಿತ್ತು. ಅದನ್ನು ಬದಲಿಸುವುದು ನಮ್ಮ ಕೈಯಲ್ಲಿ ಇರಲಿಲ್ಲ. ನಮ್ಮ ಆರು ಜನರಲ್ಲಿ ಒಬ್ಬ ಹುಡುಗ, ಬಾಡಿಗೆ ಮನೆಯವನು, ಫೋಟೋ ತೆಗೆದು ದೂರು ಹಾಕಿದ. ಎರಡು ಸಲ ಕಚೇರಿಗೂ ಹೋಗಿ ಬಂದ. ಒಂದು ದಿನ ಅವನ ಫೋನಿಗೆ ಮೆಸೇಜ್ ಬಂತು, ದೂರು ಬಗೆಹರಿದಿದೆ ಅಂತ. ಹೋಗಿ ನೋಡಿದರೆ ಚಪ್ಪಡಿ ಹಾಗೇ ಬಾಯಿ ಬಿಟ್ಟುಕೊಂಡಿತ್ತು. ಮುಂದಿನ ವಾರದಿಂದ ಅವನು ಪಾಳಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯಲಿ?

‘ಜನ ಮುಂದೆ ಬರಬೇಕು’ ಅಂತ ನೀವು ಪ್ರಚಾರದಲ್ಲಿ ಹೇಳೇ ಹೇಳುತ್ತೀರಿ. ಜನ ಮುಂದೆ ಬಂದಿದ್ದರು ಸ್ವಾಮಿ. ಐದೂವರೆಗೆ ಏಳುವುದು ಅವನಿಗೆ ಕಷ್ಟ ಆಗಿರಲಿಲ್ಲ. ಆ ಮೆಸೇಜ್ ನೋಡಿದ ಮೇಲೆ ಬರಲಾಗಲಿಲ್ಲ, ಅಷ್ಟೇ.

ಇದಕ್ಕೆ ಒಂದು ಜಾಗ ಕಾನೂನಿನಲ್ಲೇ ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅನ್ನುತ್ತದೆ. ಬೆಂಗಳೂರಿನಲ್ಲಿ ಅದಕ್ಕೆ ಜೀವ ಬರಲು ಎರಡು ದಶಕಕ್ಕಿಂತ ಜಾಸ್ತಿ ಬೇಕಾಯಿತು, ಹೈಕೋರ್ಟ್ ಕಿವಿ ಹಿಂಡಬೇಕಾಯಿತು. ಹಳೆಯ ಪಾಲಿಕೆಯ ಸಮಿತಿಗಳಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ನಮ್ಮಂಥ ಸಂಘಗಳಿಗೆ ಜಾಗ ಇತ್ತು. ಎಷ್ಟೋ ಕಡೆ ಸಮಿತಿ ಅಂದರೆ ಕಾರ್ಪೊರೇಟರ್ ಕಡೆಯವರ ಕೂಟ ಅನ್ನುವ ದೂರೂ ಇತ್ತು. ಕಾರ್ಪೊರೇಟರ್‌ಗಳು ಹೋದ ಮೇಲೆ ಸಮಿತಿ ನಡೆಸಲು ನೋಡಲ್ ಅಧಿಕಾರಿಗಳು ಬಂದರು. ಒಳ್ಳೆಯವರೂ ಇದ್ದರು. ಆದರೆ ವರ್ಗಾವಣೆ ಆದ ಕೂಡಲೇ ಮತ್ತೆ ಅಆಇಈಯಿಂದ ಶುರು.

ನಮ್ಮಲ್ಲೂ ಹುಳುಕಿದೆ, ಮುಚ್ಚಿಡಲ್ಲ. ಸಂಘದ ಸಭೆಗೆ ಬಂದು ನೋಡಿ, ಮುಂದಿನ ಸಾಲಿನಲ್ಲೆಲ್ಲ ನನ್ನಂಥ ನಿವೃತ್ತರು. ಸ್ವಂತ ಮನೆ ಇರುವವರು. ಬಾಡಿಗೆಯವರನ್ನು ‘ಇವತ್ತು ಇರ್ತಾರೆ, ನಾಳೆ ಹೋಗ್ತಾರೆ’ ಅಂತ ಬಹಳ ದಿನ ಸದಸ್ಯರನ್ನಾಗಿಯೇ ಮಾಡಿಕೊಳ್ಳಲಿಲ್ಲ. ಆ ಹುಡುಗನಿಗೂ ಸಂಘದಲ್ಲಿ ಮತ ಹಾಕುವ ಹಕ್ಕು ಇರಲಿಲ್ಲ, ಪೊರಕೆ ಹಿಡಿಯುವ ಹಕ್ಕು ಮಾತ್ರ ಇತ್ತು. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರನ್ನು ಹತ್ತು ವರ್ಷದಲ್ಲಿ ಕರೆದದ್ದು ಸನ್ಮಾನಕ್ಕೆ, ಒಂದು ಸಲ. ಶಾಲು ಹೊದಿಸಿ ಕಳಿಸಿದೆವು. ಟಿಪ್ಪರ್ ಎಷ್ಟು ಗಂಟೆಗೆ ಬಂದರೆ ಸರಿ ಅಂತ ಅವರನ್ನು ಕೇಳಲೇ ಇಲ್ಲ. ಕೇಳಿದ್ದರೆ ಆ ಮೂಲೆ ಎಂದೋ ಸರಿ ಹೋಗುತ್ತಿತ್ತೇನೋ. ಹೋದ ವರ್ಷ ಬೈಲಾ ತಿದ್ದಿ ಬಾಡಿಗೆಯವರಿಗೂ ಸದಸ್ಯತ್ವ ಕೊಟ್ಟೆವು. ಅದಕ್ಕೇ ಎರಡು ಸಭೆ ಜಗಳ ಆಯಿತು.

ಹಾಗಾಗಿ ನಮ್ಮ ಸಂಘದ ಮಾತೇ ಬಡಾವಣೆಯ ಮಾತು ಅಂದುಕೊಳ್ಳಬೇಡಿ. ಕಾಲುವೆ ಪಕ್ಕದ ಶೀಟಿನ ಮನೆಗಳವರನ್ನೂ ಕೂರಿಸಿ. ನಮ್ಮ ಎದುರಿಗೇ ಕೂರಿಸಿ.

ಕೇಳುವುದು ಜಾಸ್ತಿ ಏನಿಲ್ಲ. ತಿಂಗಳಿಗೆ ಒಂದು ವಾರ್ಡ್ ಸಮಿತಿ ಸಭೆ, ದುಡಿಯುವ ಜನ ಬರಲು ಆಗುವ ಹೊತ್ತಿನಲ್ಲಿ. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಮತ್ತೆ ನನ್ನಂಥವರೇ ಬರುತ್ತಾರೆ, ಅದು ನಿಮಗೂ ಬೇಜಾರು. ಇಂಜಿನಿಯರ್ ಎದುರಿಗೆ ಇರಬೇಕು. ಆಗುವ ಕೆಲಸಕ್ಕೆ ತಾರೀಕು, ಆಗದ ಕೆಲಸಕ್ಕೆ ಕಾರಣ. ದುಡ್ಡಿಲ್ಲ ಅಂದರೆ ದುಡ್ಡಿಲ್ಲ ಅಂತಲೇ ಹೇಳಿ, ಅದೂ ಒಂದು ಉತ್ತರವೇ. ಎಲ್ಲ ಬರೆದು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ. ದೂರು ಕೊಟ್ಟವರು ‘ಹೌದು, ಆಯಿತು’ ಅನ್ನುವ ತನಕ ಅದು ಮುಗಿಯಿತು ಅಂತ ಬರೆಯಬೇಡಿ.

ಮೊದಲ ಸಭೆಗೆ ಜಾಗ ಸಿಗದಿದ್ದರೆ ನಮ್ಮ ಪಾರ್ಕಿನ ಪಕ್ಕದ ಕೋಣೆ ಇದೆ. ನಲವತ್ತು ಪ್ಲಾಸ್ಟಿಕ್ ಕುರ್ಚಿ ಇವೆ, ಎರಡರ ಕಾಲು ಮುರಿದಿದೆ. ಹಾರ, ಫ್ಲೆಕ್ಸ್ ಬೇಡ. ಟೇಬಲ್ ಮೇಲೆ ಕೆಂಪು ರಟ್ಟಿನ ಒಂದು ಉದ್ದ ನೋಟ್‌ಬುಕ್ ಇರುತ್ತದೆ, ಹತ್ತು ವರ್ಷದ ದೂರುಗಳ ತಾರೀಕು, ನಂಬರ್ ಎಲ್ಲ ಅದರಲ್ಲಿದೆ. ಚಪ್ಪಡಿಯದ್ದು 43ನೇ ಪುಟ. ಆ ಹುಡುಗ ಈಗ ಪಕ್ಕದ ಬೀದಿಯಲ್ಲೇ ಇದ್ದಾನೆ, ಸಭೆಯ ತಾರೀಕು ಹೇಳಿ, ಅವನಿಗೂ ಹೇಳಿಕಳಿಸುತ್ತೇನೆ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರ