ಗಾಲಿ ಸ್ಟ್ಯಾಂಡ್ ಮುರಿದು ರೋಟವೇಟರ್ ವಾಲಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: 500 ಕೆಜಿ ಹೊರುತ್ತದೆಂದು ಮಾರಿದ ಗಾಲಿ ಸ್ಟ್ಯಾಂಡ್ 420 ಕೆಜಿ ರೋಟವೇಟರಿಗೇ ಮುರಿದಿರುವುದು.

ಮಾನ್ಯರೇ,

ನಿಮ್ಮಿಂದ ತರಿಸಿದ ಸ್ಟ್ಯಾಂಡಿನ ಮೇಲೆ ರೋಟವೇಟರ್ (ಟ್ರ್ಯಾಕ್ಟರಿಗೆ ಜೋಡಿಸಿ ಮಣ್ಣು ಪುಡಿ ಮಾಡುವ ಯಂತ್ರ) ಇಟ್ಟು ವರ್ಕ್‌ಶಾಪಿನ ಗೋಡೆ ಬದಿಗೆ ತಳ್ಳುತ್ತಿದ್ದಾಗ, ಮುಂದಿನ ಒಂದು ಗಾಲಿಯ ಫೋರ್ಕ್ (ಗಾಲಿಯನ್ನು ಹಿಡಿದಿರುವ ಕವಲು) ಬಾಗಿ ಇಡೀ ಯಂತ್ರ ಪಕ್ಕಕ್ಕೆ ವಾಲಿತು. ತಳ್ಳುತ್ತಿದ್ದ ಹುಡುಗ ಹಿಂದಿದ್ದ. ಪಕ್ಕದಲ್ಲಿ ನಿಂತಿದ್ದರೆ ಅವನ ಕಾಲು ಉಳಿಯುತ್ತಿರಲಿಲ್ಲ.

ಫೋನ್ ಮಾಡಿದರೆ ನಿಮ್ಮವರು ಹೇಳಿದ್ದು: "ನಿಮ್ಮ ನೆಲ ಸಮತಟ್ಟಾಗಿಲ್ಲ ಸಾರ್, ವಾರಂಟಿ ಬರಲ್ಲ." ವರ್ಕ್‌ಶಾಪ್ ಎಂದ ಮೇಲೆ ಕಾಂಕ್ರೀಟಿನಲ್ಲಿ ಜಾಯಿಂಟ್ ಇರುತ್ತದೆ, ನೀರು ಹರಿಯಲು ಇಳಿಜಾರು ಇರುತ್ತದೆ. ಟೈಲ್ಸ್ ಹಾಕಿದ ಹಜಾರದಲ್ಲಿ ರೋಟವೇಟರ್ ಇಡುವವರು ಯಾರು?

ತಪ್ಪು ನಿಮ್ಮ ಲೆಕ್ಕದಲ್ಲೇ ಇದೆ. ಬಾಗಿದ ಗಾಲಿಯ ಗ್ರೀಸ್ ಒರೆಸಿ ನೋಡಿದೆ. ಅದರ ಮೇಲೆ 125 ಕೆಜಿ ಎಂದು ಅಚ್ಚಾಗಿದೆ. ನಾಲ್ಕು ಗಾಲಿ ಕೂಡಿಸಿ 500 ಎಂದು ಪ್ಲೇಟಿನ ಮೇಲೆ ಬರೆದುಬಿಟ್ಟಿದ್ದೀರಿ. ಸ್ಟ್ಯಾಂಡಿನದೇ 45 ಕೆಜಿ ತೂಕ ಯಾರು ಹೊರಬೇಕು? ನೆಲ ಸ್ವಲ್ಪ ಏರುಪೇರಾದರೂ ಒಂದು ಗಾಲಿ ಎತ್ತಿಕೊಂಡು ಭಾರವೆಲ್ಲ ಉಳಿದವುಗಳ ಮೇಲೆ ಬೀಳುತ್ತದೆ. ಒಟ್ಟು 465 ಕೆಜಿ ಮೂರು ಗಾಲಿಗೆ ಸಮನಾಗಿ ಹಂಚಿದರೂ ಒಂದಕ್ಕೆ 155. ಸಮನಾಗಿ ಹಂಚುವುದೂ ಇಲ್ಲ, ಏಕೆಂದರೆ ರೋಟವೇಟರಿನ ಸೈಡ್ ಗೇರ್ ಇರುವ ತುದಿಯೇ ಹೆಚ್ಚು ಭಾರ. ಆ ತುದಿಯ ಗಾಲಿಯೇ ಬಾಗಿರುವುದು. ಇಂಥ ಸ್ಟ್ಯಾಂಡಿಗೆ ಮೂರೇ ಗಾಲಿ ನೆಲ ಮುಟ್ಟುತ್ತವೆಂದು ಲೆಕ್ಕ ಹಾಕಿ ಗಾಲಿ ಆರಿಸಬೇಕೆಂಬುದು ಫ್ಯಾಬ್ರಿಕೇಷನ್ ಕೆಲಸದವರಿಗೆ ಹೊಸ ವಿಷಯವಲ್ಲ.

ಬ್ರೇಕಿನದು ಇನ್ನೊಂದು ಕಥೆ. ಅದು ಗಾಲಿ ಉರುಳುವುದನ್ನಷ್ಟೇ ತಡೆಯುತ್ತದೆ, ಫೋರ್ಕ್ ಸಮೇತ ದಿಕ್ಕು ತಿರುಗುವುದನ್ನಲ್ಲ. ಬ್ರೇಕ್ ಒತ್ತಿಟ್ಟರೂ ಸ್ಟ್ಯಾಂಡ್ ಅತ್ತಿತ್ತ ಓಲಾಡುತ್ತದೆ. ವೆಲ್ಡಿಂಗ್ ಮಾತ್ರ ಚೆನ್ನಾಗಿದೆ, ಅದನ್ನೂ ಹೇಳಬೇಕು.

ಅದೇ ಗಾಲಿಯನ್ನು ಬದಲಿಸಿಕೊಡುತ್ತೇವೆ ಎಂಬ ಮಾತು ಬೇಡ. ಸ್ಟ್ಯಾಂಡ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ, ಸಾಗಣೆ ಖರ್ಚು ಸೇರಿಸಿ, ಕೊಡಿ. ಇದೇ ಮಾಡೆಲ್ ಕೊಂಡವರಿಗೆಲ್ಲ ಇಷ್ಟು ಭಾರ ಹೇರಬೇಡಿ ಎಂದು ಈಗಲೇ ತಿಳಿಸಿ. ಅವರ ಬಳಿಯೂ ತಳ್ಳುವ ಹುಡುಗರಿರುತ್ತಾರೆ.

ಸದ್ಯ ರೋಟವೇಟರನ್ನು ಮರದ ದಿಮ್ಮಿಗಳ ಮೇಲೆ ಇಳಿಸಿದ್ದೇವೆ. ಬಾಗಿದ ಗಾಲಿ ನನ್ನ ಬಳಿಯೇ ಇದೆ, ನಿಮ್ಮ ಇಂಜಿನಿಯರ್ ಬಂದು ನೋಡಬಹುದು. ಫೋಟೊ ಮತ್ತು ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ. ಉತ್ತರ ಲಿಖಿತವಾಗಿಯೇ ಬರಲಿ.

ಇತಿ,
ನಿಮ್ಮ ಗ್ರಾಹಕ