ವಾಡೆಯ ಹಿಂದಿನ ಬಾಗಿಲಿನಿಂದ ಬರಿ

ತಮ್ಮಾ,

ನಿನ್ನ ಚಿತ್ರಕಥೆ ಪೂರ್ತಿ ಓದಿದೆ. 1934ರ ಕಲಬುರಗಿ, ಜಹಗೀರ್ದಾರರ ಒಬ್ಬನೇ ಮಗ, ಹೈದರಾಬಾದಿನಿಂದ ಬಂದ ವಕೀಲ, ಇಬ್ಬರ ಮಧ್ಯೆ ಯಾರ ಮುಂದೆಯೂ ಬಾಯಿ ಬಿಡಲಾಗದ ಪ್ರೀತಿ. ನಮ್ಮ ಕಡೆ ಇದನ್ನು ಯಾರಾದರೂ ಬರೆಯಲೇಬೇಕಿತ್ತು, ನೀನು ಕೈ ಹಾಕಿದ್ದು ನೋಡಿ ಖುಷಿಯಾಯಿತು. ಆದರೆ ಸುಮ್ನೆ ಹೊಗಳಿ ವಾಪಸ್ ಕಳಿಸಿದರೆ ನಿನಗೇನು ಉಪಯೋಗ, ಅಲ್ವಾ? ಅದಕ್ಕೆ ನೇರವಾಗಿ ಬರೆಯುತ್ತಿದ್ದೇನೆ, ಬೇಸರ ಮಾಡ್ಕೋಬೇಡ.

ನಿನ್ನ ಕಥೆಯಲ್ಲಿ ಶೇರ್ವಾನಿ ಇದೆ, ಅತ್ತರು ಇದೆ, ಹುಕ್ಕಾ ಇದೆ, ಗಜಲ್ ಇದೆ. ಪುಟಗಟ್ಟಲೆ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ನೋಡುತ್ತಾ ಕೂತಿದ್ದಾರೆ. ಕ್ಯಾಮೆರಾಕ್ಕೆ ಚಂದ. ಆದರೆ ಆ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು? ರಾತ್ರಿ ಹನ್ನೊಂದಕ್ಕೆ ವಕೀಲರು ಬಂದರೆ ಬಾಗಿಲು ತೆಗೆಯುವವರು ಯಾರು, ಟಾಂಗಾದವನಿಗೆ ದುಡ್ಡು ಕೊಟ್ಟು ಕಳಿಸುವವರು ಯಾರು, ಬೆಳಿಗ್ಗೆ ಹಾಸಿಗೆ ಮಡಚುವವರು ಯಾರು? ನಿನ್ನ ವಾಡೆಯಲ್ಲಿ ಆಳುಗಳೇ ಇಲ್ಲ! ದೊಡ್ಡ ಮನೆಗಳಲ್ಲಿ ಗುಟ್ಟು ಅನ್ನುವುದು ಯಜಮಾನನ ಕೈಯಲ್ಲಿ ಇರುವುದೇ ಇಲ್ಲ, ಅದು ಅಡುಗೆ ನೋಡಿಕೊಳ್ಳುವ ಖಾನಸಾಮನ ಕೈಯಲ್ಲಿ, ಕಾಗದಪತ್ರ ನೋಡುವ ಮುನ್ಷಿಯ ಕೈಯಲ್ಲಿ, ನೀರು ತುಂಬುವ ಹೆಂಗಸಿನ ಕೈಯಲ್ಲಿ ಇರುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಹಾಗೆ ಆಡದೆ ಇರುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಇರುತ್ತದೆ. ಆ ಕಾರಣಗಳನ್ನು ಹುಡುಕು, ನಿನ್ನ ಸಿನಿಮಾ ಅಲ್ಲಿದೆ.

ಒಂದು ದೃಶ್ಯ ಯೋಚಿಸು. ಹಳ್ಳಿಯಿಂದ ಯಾರೋ ರೈತ ಅರ್ಜಿ ಹಿಡಿದು ಬಂದಿದ್ದಾನೆ. ಬಾಗಿಲಲ್ಲಿರುವ ಆಳು ಹೇಳುತ್ತಾನೆ: 'ಸಾಹೇಬ್ರು ಮಲಗ್ಯಾರ್ರೀ, ನಾಳೆ ಬರ್ರಿ.' ಸಾಹೇಬರು ಮಲಗಿಲ್ಲ ಅಂತ ಅವನಿಗೂ ಗೊತ್ತು, ಪ್ರೇಕ್ಷಕರಿಗೂ ಗೊತ್ತು. ಇವನು ಯಾಕೆ ಸುಳ್ಳು ಹೇಳಿದ? ನಿಷ್ಠೆಗಾ, ಹೆದರಿಕೆಗಾ, ಅಥವಾ ಮುಂದಿನ ವರ್ಷ ಮಗಳ ಮದುವೆಗೆ ಎರಡೆಕರೆ ಕೇಳೋಣ ಅಂತಲಾ? ನೀನೇ ತೀರ್ಮಾನ ಮಾಡು. (ಅಂದಹಾಗೆ, ಸಂಭಾಷಣೆ ಇದೇ ಧಾಟಿಯಲ್ಲಿ ಬರಲಿ. ನಿನ್ನ ಜಹಗೀರ್ದಾರರ ಮಗ ಬೆಂಗಳೂರಿನ ಧಾರಾವಾಹಿ ಕನ್ನಡ ಮಾತಾಡುತ್ತಾನೆ. ಆ ಮನೆಯೊಳಗೆ ದಖನಿ ಉರ್ದು ಇತ್ತು, ಹೊಲದಲ್ಲಿ ನಮ್ಮ ಕನ್ನಡ ಇತ್ತು, ಎರಡೂ ಕಲಸಿಕೊಂಡೇ ಇದ್ದವು.)

ಈಗ ಪೊಲೀಸ್ ದೃಶ್ಯ. ಇನ್ಸ್‌ಪೆಕ್ಟರ್ ಬಂದು, ಗಂಡಸರಿಬ್ಬರ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಓದುತ್ತಾನೆ ಅಂತ ಬರೆದಿದ್ದೀಯ. ತೆಗೆದುಹಾಕು. 1862ರಲ್ಲಿ ಜಾರಿಗೆ ಬಂದ ಆ ದಂಡ ಸಂಹಿತೆ ಬ್ರಿಟಿಷ್ ಇಂಡಿಯಾದ್ದು. ಕಲಬುರಗಿ ಇದ್ದದ್ದು ನಿಜಾಮರ ಸಂಸ್ಥಾನದಲ್ಲಿ. ಅಲ್ಲಿ ಕೋರ್ಟು ಬೇರೆ, ಕಾನೂನು ಬೇರೆ, ಕಚೇರಿ ಕಾಗದವೆಲ್ಲ ಉರ್ದು. ರೂಪಾಯಿ ಕೂಡ ಬೇರೆ, ಇಲ್ಲಿಯದು ಹಾಲಿ ಸಿಕ್ಕಾ, ಬ್ರಿಟಿಷರದ್ದು ಕಲ್ದಾರ್. ಹಾಗಂತ ಇಲ್ಲಿ ಇವರಿಗೆ ಅಪಾಯ ಇರಲಿಲ್ಲ ಅಂತಲ್ಲ, ಆ ನಂಬರನ್ನು ಈ ಊರಿನ ಇನ್ಸ್‌ಪೆಕ್ಟರ್ ಬಾಯಲ್ಲಿ ಹಾಕಬೇಡ ಅಷ್ಟೇ.

ಆದರೆ ಇಲ್ಲೇ ನಿನಗೊಂದು ಚಿನ್ನದಂಥ ಅವಕಾಶ ಇದೆ. ನಿನ್ನ ನಾಯಕ ಬೀದರ್‌ನಲ್ಲಿ ರೈಲು ಹತ್ತಿ ನೇರ ಕಲಬುರಗಿಯಲ್ಲಿ ಇಳಿಯುತ್ತಾನೆ. ಬೀದರ್-ಕಲಬುರಗಿ ಹಳಿ ಉದ್ಘಾಟನೆ ಆದದ್ದು 2017ರಲ್ಲಿ ಮಾರಾಯಾ! 1934ರಲ್ಲಿ ಅವನು ವಿಕಾರಾಬಾದ್ ಸುತ್ತಿ ವಾಡಿಗೆ ಬಂದು ಅಲ್ಲಿ ಗಾಡಿ ಬದಲಿಸಬೇಕಿತ್ತು. ಹೈದರಾಬಾದಿನಿಂದ ಬರುವ ವಕೀಲನಿಗೂ ಅದೇ ವಾಡಿ ಜಂಕ್ಷನ್. ಇಬ್ಬರೂ ಊರಿನ ಕಣ್ಣು ತಪ್ಪಿಸಿ ಸಿಗಬಹುದಾದ ಜಾಗ ಅದು, ಯಾಕಂದರೆ ಅಲ್ಲಿ ಗಾಡಿಗೆ ಕಾಯುವವರನ್ನು ಯಾರೂ ಏನೂ ಕೇಳುವುದಿಲ್ಲ. ಮತ್ತೆ ಇನ್ನೊಂದು: ಸಂಸ್ಥಾನದೊಳಗೆ ಹಾದುಹೋದ ರೈಲ್ವೆ ಜಮೀನಿನ ಮೇಲೆ ಬ್ರಿಟಿಷರ ಅಧಿಕಾರ ನಡೆಯುತ್ತಿತ್ತು. ಅಂದರೆ ತಮ್ಮ ಮನೆಯಲ್ಲಿ ಅನ್ವಯಿಸದ ಕಾನೂನಿಗೆ ಇವರು ಪ್ಲಾಟ್‌ಫಾರ್ಮಿನ ಮೇಲೆ ಸಿಕ್ಕಿಬೀಳಬಹುದು. ವಕೀಲನಿಗೆ ಇದು ಗೊತ್ತಿರುತ್ತದೆ, ಜಹಗೀರ್ದಾರರ ಮಗನಿಗೆ ಗೊತ್ತಿರುವುದಿಲ್ಲ. ಒಬ್ಬ ಹತ್ತಿರ ಬರುತ್ತಾನೆ, ಇನ್ನೊಬ್ಬ ಹಿಂದೆ ಸರಿಯುತ್ತಾನೆ. ಯಾಕೆ ಅಂತ ವಿವರಿಸಲು ಹೋಗಬೇಡ.

ಇನ್ನು ಮನೆಯೊಳಗಿನ ಹೆದರಿಕೆ. ಪೊಲೀಸರಿಗಿಂತ ಅದೇ ಜಾಸ್ತಿ. ಜಹಗೀರು ಅಂದರೆ ಸರ್ಕಾರ ಬಿಟ್ಟುಕೊಟ್ಟ ಹಳ್ಳಿಗಳ ಕಂದಾಯದ ಹಕ್ಕು, ಅಪ್ಪನಿಂದ ಮಗನಿಗೆ ತಾನಾಗಿ ಬರುವ ಹೊಲ ಅಲ್ಲ. ಜಹಗೀರ್ದಾರ ಸತ್ತರೆ ವಾರಸುದಾರ ಯಾರು ಅಂತ ಸರ್ಕಾರ ವಿಚಾರಣೆ ಮಾಡಿ ಮತ್ತೆ ಮಂಜೂರು ಮಾಡಬೇಕಿತ್ತು. ಒಬ್ಬನೇ ಮಗ, ಬೇಡದ ಮದುವೆ ಆಗಿದ್ದಾನೆ, ಮಕ್ಕಳು ಆಗುವ ಸೂಚನೆ ಇಲ್ಲ. ಪಕ್ಕದಲ್ಲಿ ಚಿಕ್ಕಪ್ಪನ ಮಗ ಕಾಯುತ್ತಾ ಕೂತಿದ್ದಾನೆ. ಅವನಿಗೆ ಧರ್ಮ, ಮರ್ಯಾದೆ ಯಾವುದೂ ಮುಖ್ಯ ಅಲ್ಲ, ಅವನ ಕಣ್ಣಿರುವುದು ಜಹಗೀರಿನ ಮೇಲೆ. ನಿನ್ನ ಖಳನಾಯಕ ಇವನೇ. ಈಗ ನೀನು ಬರೆದಿರುವ ಮೀಸೆ ತಿರುವುವ ಇನ್ಸ್‌ಪೆಕ್ಟರ್ ಯಾವ ಲೆಕ್ಕಕ್ಕೂ ಇಲ್ಲ. 1949ರಲ್ಲಿ ಜಹಗೀರುಗಳೇ ರದ್ದಾದವು. ಹದಿನೈದು ವರ್ಷದ ನಂತರ ಇಲ್ಲದೇ ಹೋಗುವ ಆಸ್ತಿಗಾಗಿ ಇವರೆಲ್ಲ ಒಬ್ಬರ ಬದುಕು ಹಾಳು ಮಾಡುತ್ತಿದ್ದಾರೆ ಅನ್ನುವುದು ಪ್ರೇಕ್ಷಕರಿಗೆ ಗೊತ್ತಿರುತ್ತದೆ, ಪಾತ್ರಗಳಿಗೆ ಗೊತ್ತಿರುವುದಿಲ್ಲ.

ಇವರ ಸಂಬಂಧಕ್ಕೆ ಸಾಕ್ಷಿ ಏನು ಅಂತ ಕೇಳಿದ್ದೀಯ. ಕಾಗದ. ಇಂಗ್ಲೆಂಡಿನಲ್ಲಿ 1954ರಲ್ಲಿ ಲಾರ್ಡ್ ಮಾಂಟಗು ಮೇಲೆ ಗಂಡಸರ ಜೊತೆಗಿನ ಸಂಬಂಧದ ಆರೋಪದ ಕೇಸು ನಡೆಯಿತು. ಅವರ ಜೊತೆ ಪೀಟರ್ ವೈಲ್ಡ್‌ಬ್ಲಡ್ ಅನ್ನುವ ಪತ್ರಕರ್ತ. ವೈಲ್ಡ್‌ಬ್ಲಡ್ ಒಬ್ಬ ವಾಯುಪಡೆ ಸಿಬ್ಬಂದಿಗೆ ಬರೆದ ಪ್ರೇಮಪತ್ರಗಳು ಕೋರ್ಟಿಗೆ ಬಂದವು. ಲಾರ್ಡ್‌ಗೆ ಹನ್ನೆರಡು ತಿಂಗಳು, ಪತ್ರಕರ್ತನಿಗೆ ಹದಿನೆಂಟು ತಿಂಗಳು ಜೈಲು. ಇದಾದ ಮೇಲೆ ಎದ್ದ ಗದ್ದಲದಲ್ಲೇ ಸರ್ಕಾರ ಸಮಿತಿ ಮಾಡಿ, 1957ರಲ್ಲಿ ವರದಿ ಬಂದು, 1967ರಲ್ಲಿ ಅಲ್ಲಿನ ಕಾನೂನು ಸಡಿಲವಾಯಿತು. ನಮಗೆ ಬಿಟ್ಟುಹೋದ 377ನೇ ಕಲಂ ವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ ಅನ್ವಯಿಸದು ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳುವುದಕ್ಕೆ 2018ರ ಸೆಪ್ಟೆಂಬರ್ 6 ಬರಬೇಕಾಯಿತು. ನಿನ್ನ ಕಥೆಯಲ್ಲಿ ಇವರಿಬ್ಬರೂ ಧಾರಾಳವಾಗಿ ಕಾಗದ ಬರೆಯುತ್ತಾರೆ. ಒಬ್ಬ ವಕೀಲ ಹಾಗೆ ಬರೆಯುತ್ತಾನಾ? ಅವನು ಜಮೀನು ವ್ಯಾಜ್ಯದ ಭಾಷೆಯಲ್ಲಿ ಬರೆಯುತ್ತಾನೆ. 'ಮುಂದಿನ ವಾಯಿದೆಗೆ ತಪ್ಪದೆ ಹಾಜರಿರಬೇಕು.' ಅದನ್ನು ಮುನ್ಷಿ ಜೋರಾಗಿ ಓದಿ ಹೇಳಲಿ, ಮಗನ ಮುಖ ನೋಡು.

ನೀನು ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಬಗ್ಗೆಯೂ ಕೇಳಿದ್ದೆ. ನಮ್ಮ ಭಾಗಕ್ಕೆ ಅವನು ಅಷ್ಟು ದೂರದವನಲ್ಲ. ಅವನು ಪ್ರೀತಿಸಿದ ಸೈಯದ್ ರಾಸ್ ಮಸೂದ್ 1916ರಿಂದ 1928ರವರೆಗೆ ನಿಜಾಮ್ ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥ. ಅಂದರೆ ಆಗ ಕಲಬುರಗಿಯ ಸರ್ಕಾರಿ ಶಾಲೆಗಳೂ ಅವರ ಕೈಕೆಳಗೇ ಇದ್ದವು. 1921ರಲ್ಲಿ ಫಾರ್ಸ್ಟರ್ ಹೈದರಾಬಾದಿಗೆ ಬಂದು ಅವರ ಜೊತೆ ಇದ್ದ. 1924ರಲ್ಲಿ ಬಂದ ತನ್ನ ದೊಡ್ಡ ಕಾದಂಬರಿ 'ಎ ಪ್ಯಾಸೇಜ್ ಟು ಇಂಡಿಯಾ'ವನ್ನು ಅವರಿಗೇ ಅರ್ಪಿಸಿದ. ಆದರೆ ಮಸೂದ್ ಅವನನ್ನು ಸ್ನೇಹಿತ ಅಂತಲೇ ಹಚ್ಚಿಕೊಂಡಿದ್ದರು, ಆ ಪ್ರೀತಿ ಒಂದೇ ಕಡೆಯದು. ಅದನ್ನು ತಿರುಚಬೇಡ. ಸತ್ತವರ ಬಾಯಲ್ಲಿ ನಮಗೆ ಬೇಕಾದ ಮಾತು ತುರುಕುವ ಚಟ ಐತಿಹಾಸಿಕ ಸಿನಿಮಾ ಮಾಡುವವರಿಗೆ ಬೇಗ ಹತ್ತುತ್ತದೆ. ಗಂಡಸರ ನಡುವಿನ ಪ್ರೀತಿಯ ಬಗ್ಗೆ ಫಾರ್ಸ್ಟರ್ 1913-14ರಲ್ಲಿ ಬರೆದ ಕಾದಂಬರಿ 'ಮೋರಿಸ್' ಅಚ್ಚಾಗಿದ್ದು 1971ರಲ್ಲಿ, ಅವನು ತೀರಿಹೋದ ಮೇಲೆ. ಜೇಮ್ಸ್ ಐವರಿ ಅದನ್ನು 1987ರಲ್ಲಿ ಸಿನಿಮಾ ಮಾಡಿದ. ನೋಡು, ಆದರೆ ಉಡುಪು ಮತ್ತು ಹುಲ್ಲುಹಾಸು ನೋಡಲು ಅಲ್ಲ. ಅದರಲ್ಲಿ ಜಮೀನ್ದಾರನಾಗುವ ಗೆಳೆಯ ಮದುವೆಯಾಗಿ ಸುರಕ್ಷಿತವಾಗಿ ಉಳಿಯುತ್ತಾನೆ, ಮನೆ ಬಿಟ್ಟು ಹೊರಡುವ ಧೈರ್ಯ ಬರುವುದು ಎಸ್ಟೇಟಿನ ಕೆಲಸದವನಿಗೆ ಮತ್ತು ಅವನ ಜೊತೆ ಹೋಗುವವನಿಗೆ. ಇಬ್ಬರೂ ಸುಖವಾಗಿರಬೇಕು ಅಂತ ಫಾರ್ಸ್ಟರ್ ಹಟ ಹಿಡಿದು ಬರೆದ.

ನೀನು ಇಬ್ಬರನ್ನೂ ಸಾಯಿಸಿದ್ದೀಯ. ಒಬ್ಬನಿಗೆ ವಿಷ, ಒಬ್ಬನಿಗೆ ರೈಲು. ಇಷ್ಟು ಸುಲಭಕ್ಕೆ ಬಿಡಬೇಡ ಅವರನ್ನು. ಸಿನಿಮಾ ನೋಡಲು ಬರುವವರಲ್ಲಿ ಇಂಥದ್ದೇ ಬದುಕು ಬದುಕುತ್ತಿರುವವರು ಇರುತ್ತಾರೆ, ಪಕ್ಕದಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು. ಅವರಿಗೆ ಸಾವು ಹೊಸ ಸುದ್ದಿ ಅಲ್ಲ. ನಲವತ್ತು ವರ್ಷ ಹೇಗೆ ಬದುಕುವುದು ಅನ್ನುವುದೇ ಅವರ ಪ್ರಶ್ನೆ.

ಕೊನೆಯದಾಗಿ ಜಹಗೀರ್ದಾರರ ಮಗನ ಹೆಂಡತಿ. ಈಗ ಅವಳಿಗೆ ಮೂರು ದೃಶ್ಯ ಇವೆ, ಮೂರರಲ್ಲೂ ಅಳುತ್ತಾಳೆ. ಹದಿನೆಂಟಕ್ಕೆ ಮದುವೆಯಾಗಿ ಬಂದವಳು, ವರ್ಷ ತುಂಬುವುದರೊಳಗೆ ಅತ್ತೆ ಇವಳನ್ನೇ ಬಂಜೆ ಅನ್ನಲು ಶುರು ಮಾಡುತ್ತಾಳೆ. ತಪ್ಪು ತನ್ನದಲ್ಲ ಅಂತ ಗೊತ್ತಿದ್ದೂ ಬಾಯಿ ಬಿಡುವ ಹಾಗಿಲ್ಲ. ಗಂಡನ ಗುಟ್ಟು ಹೊರಗೆ ಬಂದರೆ ಬೀದಿಗೆ ಬೀಳುವವಳೂ ಇವಳೇ. ಚಿಕ್ಕಪ್ಪನ ಮಗ ಮೊದಲು ಬಂದು ಮಾತಾಡಿಸುವುದು ಯಾರನ್ನು ಅಂದುಕೊಂಡಿದ್ದೀಯ? ಅವಳು ಏನು ಹೇಳಿ ಕಳಿಸುತ್ತಾಳೆ? ಉಳಿದದ್ದೆಲ್ಲ ಆಮೇಲೆ ತಿದ್ದೋಣ, ಮೊದಲು ಆ ಒಂದು ದೃಶ್ಯ ಬರೆದು ಕಳಿಸು. ಅವಳು ಅದರಲ್ಲಿ ಅಳಬಾರದು.