ನಡುವಿನ ದಿನಗಳನ್ನು ಬದುಕಾಗಿಸಿದವರಿಗೆ

ನನಗೆ ಡಯಾಲಿಸಿಸ್ ಆರಂಭವಾದ ಮೇಲಿನ ಮತ್ತೊಂದು ಮಳೆಗಾಲವನ್ನು ದಾಟಿರುವ ಈ ಹೊತ್ತಿನಲ್ಲಿ, ತೀರ್ಥಹಳ್ಳಿ ಸೀಮೆಯ ನಮ್ಮೂರಿನವರಿಗೂ ಶಿವಮೊಗ್ಗದ ಡಯಾಲಿಸಿಸ್ ಘಟಕದ ಸಿಬ್ಬಂದಿಗೂ ಎಲ್ಲರೆದುರು ಕೃತಜ್ಞತೆ ಸಲ್ಲಿಸಬೇಕೆನಿಸಿದೆ.

ಆರೋಗ್ಯವಂತರ ಮೂತ್ರಪಿಂಡಗಳು ರಕ್ತದಿಂದ ಕಲ್ಮಶವನ್ನೂ ಹೆಚ್ಚಿನ ನೀರನ್ನೂ ತೆಗೆಯಲು ವಾರದ 168 ಗಂಟೆಯೂ ಮಾಡುವ ಕೆಲಸವನ್ನು ಡಯಾಲಿಸಿಸ್ ಯಂತ್ರವು ವಾರಕ್ಕೆ ಮೂರು ಸಲ, ಸಲಕ್ಕೆ ಸುಮಾರು 4 ಗಂಟೆಗಳಲ್ಲಿ, ಒಂದು ಮಟ್ಟಿಗೆ ಮಾತ್ರ ಮಾಡಿಕೊಡಬಲ್ಲದು. ಆದ್ದರಿಂದ ನಮ್ಮಂಥವರ ಕಷ್ಟ ಸೂಜಿಗಿಂತ ಹೆಚ್ಚಾಗಿ ನಡುವಿನ ದಿನಗಳಲ್ಲಿದೆ. ನೀರನ್ನು ಅಳೆದು ಕುಡಿಯಬೇಕು. ಪೊಟ್ಯಾಶಿಯಂ ಹೆಚ್ಚಿರುವ ಎಳನೀರು, ಬಾಳೆಹಣ್ಣು, ಹಲಸು ದೂರವಿಡಬೇಕು. ಉಪ್ಪಿನಲ್ಲಿ ನೆನೆದ ಅಪ್ಪೆಮಿಡಿ ಬಾಯಾರಿಕೆಯನ್ನು ಕೆರಳಿಸುತ್ತದೆ. ಇವೆಲ್ಲಕ್ಕಿಂತ ಮನೆಯವರಿಗೆ ಭಾರವಾದೆನೆಂಬ ಚಿಂತೆಯೇ ನನ್ನ ನಿದ್ದೆ ಕೆಡಿಸಿತ್ತು.

ಅದನ್ನು ಮೊದಲು ಗುರುತಿಸಿದವರು ಘಟಕದ ಸಿಸ್ಟರ್. ತೂಕ, ಬಿಪಿ ನೋಡುವಾಗಲೇ ನಿದ್ದೆಯನ್ನೂ ವಿಚಾರಿಸಿ, ಡಯಾಲಿಸಿಸ್‌ನಲ್ಲಿರುವವರಲ್ಲಿ ಖಿನ್ನತೆ ಸಾಮಾನ್ಯವೆಂದೂ ಅದಕ್ಕೂ ಚಿಕಿತ್ಸೆಯಿದೆಯೆಂದೂ ತಿಳಿಸಿ, ವೈದ್ಯರ ಬಳಿ ಮಾತನಾಡಿಸಿದರು. ಆ ಒಂದು ವಿಚಾರಣೆಗೆ ನಾನು ಸದಾ ಋಣಿ.

ಊರಿನವರ ಉಪಕಾರ ಇನ್ನೊಂದು ಬಗೆಯದು. ಒತ್ತಾಯ ಮಾಡಿ ಬಡಿಸುವುದನ್ನೇ ಉಪಚಾರವೆಂದು ತಿಳಿದ ಮಲೆನಾಡಿನಲ್ಲಿ, ನನಗಾಗಿ ಒತ್ತಾಯ ಮಾಡದಿರುವುದನ್ನು ಅವರು ರೂಢಿಸಿಕೊಂಡರು. ಯಾರ ಮನೆಗೆ ಹೋದರೂ ಕಾರಣ ಕೇಳದೆ ಅರ್ಧ ಲೋಟ ಕಾಫಿ ಬರುತ್ತದೆ. ಪಂಕ್ತಿಯಲ್ಲಿ ಸಾರು ಬಡಿಸುವವರು ಒಂದೇ ಸೌಟು ಹಾಕಿ ಮುಂದೆ ಹೋಗುತ್ತಾರೆ. ಮರುಕದ ಮಾತೊಂದೂ ಇಲ್ಲದೆ ಹೀಗೆ ನಡೆದುಕೊಳ್ಳುವುದು ಎಷ್ಟು ದೊಡ್ಡ ಗೌರವವೆಂದು ಪಂಕ್ತಿಯಲ್ಲಿ ಕೂತವನಿಗೇ ಗೊತ್ತು. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ಶಸ್ತ್ರಚಿಕಿತ್ಸೆಯಿಂದ ಮಾಡಿದ ರಕ್ತನಾಳಗಳ ಜೋಡಣೆ) ಇರುವ ಕೈಯಲ್ಲಿ ಅಡಿಕೆ ಗೊನೆ ಹೊರುವಂತಿಲ್ಲವೆಂದು ತಿಳಿದಾಗಲೂ ಅವರು ನನ್ನನ್ನು ಕೊಯ್ಲಿನಿಂದ ಹೊರಗಿಡಲಿಲ್ಲ. ಸುಲಿಯುವವರ ಲೆಕ್ಕ ಬರೆಯುವ ಕೆಲಸ ಒಪ್ಪಿಸಿದರು. ಗಟ್ಟಿ ಮನಸ್ಸಿನವನೆಂದು ಕೆಲವರು ನನ್ನನ್ನು ಹೊಗಳುತ್ತಾರೆ. ನಾನು ಬೇಕಾದವನೆಂದು ನಡೆಸಿಕೊಂಡವರಿಂದಲೇ ಆ ಗಟ್ಟಿತನ ಬಂದಿತೆಂದು ನಾನು ನಂಬಿದ್ದೇನೆ.

ಕೊನೆಯದಾಗಿ ನನ್ನ ತಮ್ಮನಿಗೂ ಅವನ ಹೆಂಡತಿಗೂ ವಂದನೆಗಳು. ರೋಗಿಯ ಜೊತೆಗಿರುವವರಿಗೂ ಬಿಡುವು ಬೇಕೆಂದು ಅರಿತು, ಆಸ್ಪತ್ರೆಯ ಸರದಿಯನ್ನು ಅವರು ಹಂಚಿಕೊಂಡಿದ್ದರಿಂದ ಈ ಬಾರಿ ನನ್ನ ಪತ್ನಿ ಗೌರಿ ಹಬ್ಬಕ್ಕೆ ತವರಿಗೆ ಹೋಗಿ, ಅವಸರವಿಲ್ಲದೆ ಇದ್ದು ಬಂದಳು.